ಎಂಜಿಬಿಯ ಹೆಡ್: ಎಸೆಯುವ ಮುನ್ನ ಅಳೆಯಿರಿ

ಹಳೆಯ ಕಾರು ಏರಿನಲ್ಲಿ ಏದುಸಿರು ಬಿಡತೊಡಗಿದರೆ, ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಕಂಡರೆ, ಸುತ್ತ ನಿಂತವರ ಬಾಯಲ್ಲಿ ಬರುವ ಮಾತು ಒಂದೇ: "ಹೆಡ್ ಹೋಗಿದೆ, ಬದಲಾಯಿಸಿಬಿಡಿ." ಹೇಳುವವರಿಗೇನು, ಖರ್ಚಿಲ್ಲ. ಕಾರು ಎಂಜಿಬಿಯಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಾಗಿದ್ದರೆ ಈ ಸಲಹೆ ಇನ್ನೂ ಸಲೀಸಾಗಿ ಬರುತ್ತದೆ. ಬಿಡಿಭಾಗಗಳ ಪಟ್ಟಿಯಲ್ಲಿ ಹೊಸ ಹೆಡ್ ಇದೆ, ಹಳೆಯದನ್ನು ಹೊಸದುಮಾಡಿ ಮಾರುವವರಿದ್ದಾರೆ, ಅಲ್ಯೂಮಿನಿಯಂನದೂ ಸಿಗುತ್ತದೆ. ಆದರೆ ಸವೆದ ಹೆಡ್ ಎಂದು ನಾವು ಕರೆಯುವುದರಲ್ಲಿ ಸವೆದಿರುವುದು ಸಾಮಾನ್ಯವಾಗಿ ಹೆಡ್ ಅಲ್ಲ. ಅದರೊಳಗೆ ಕೂರಿಸಿದ ವಾಲ್ವ್ ಗೈಡು, ವಾಲ್ವ್ ಕೂರುವ ಸೀಟು, ಮೇಲಿನ ರಾಕರ್ ಶಾಫ್ಟು ಇಂಥವು ಸವೆದಿರುತ್ತವೆ. ಇವೆಲ್ಲ ಲೇತ್ ಕೆಲಸದವರ ಕೈಯಲ್ಲಿ ಸರಿಹೋಗುವ ಸಂಗತಿಗಳು. ಬಿರುಕು ಬಿಟ್ಟ ಎರಕ, ಹೆರೆದು ಹೆರೆದು ತೆಳ್ಳಗಾದ ಎರಕ, ಇವೆರಡು ಮಾತ್ರ ಹೆಡ್ಡನ್ನೇ ಕೈಬಿಡಲು ನಿಜವಾದ ಕಾರಣಗಳು. ಯಾವುದು ಯಾವುದೆಂದು ಹೊಗೆ ಹೇಳುವುದಿಲ್ಲ, ಅಳತೆ ಹೇಳುತ್ತದೆ. ಅಳೆಯದೆ ಹೆಡ್ ಬದಲಾಯಿಸುವುದು ದುಡ್ಡು ಕೊಟ್ಟು ಹೊಸ ಅನುಮಾನ ತಂದುಕೊಂಡಂತೆ.

ಯಾವ ಎಂಜಿನ್ನಿನ ಮಾತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಕಾರು. ಐದು ಲಕ್ಷಕ್ಕೂ ಮೀರಿ ಹೊರಬಂದಿತು. ಅದರೊಳಗಿನ 1,798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ 'ಬಿ ಸೀರೀಸ್' ಬಳಗದ್ದು. ಇದೇ ಬಳಗದ 1,489 ಸಿಸಿ ಎಂಜಿನ್ ಎಂಜಿಬಿಗಿಂತ ಹಿಂದಿನ ಎಂಜಿಎ ಕಾರಿನಲ್ಲಿ 1955ರಲ್ಲಿ ಬಂತು; ನಾಲ್ಕು ವರ್ಷದ ನಂತರ ನಮ್ಮ ಹಿಂದೂಸ್ತಾನ್ ಅಂಬಾಸಡರಿಗೂ ಬಂತು. ಮೂರೂ ಎಂಜಿನ್ನುಗಳ ಸ್ಟ್ರೋಕ್ ಒಂದೇ, 88.9 ಮಿ.ಮೀ. ಬದಲಾದದ್ದು ಬೋರ್. ಹೀಗಾಗಿ ಪೆಟ್ರೋಲ್ ಅಂಬಾಸಡರ್ ಬಿಚ್ಚಿ ಜೋಡಿಸಿ ಕೈ ಪಳಗಿದ ನಮ್ಮೂರಿನ ಮೇಸ್ತ್ರಿಗೆ ಎಂಜಿಬಿಯ ಹೆಡ್ ಪರದೇಶಿಯೇನಲ್ಲ, ದಾಯಾದಿ. ಎರಕ ಕಬ್ಬಿಣದ ಹೆಡ್, ಒಂದು ಸಾಲಿನಲ್ಲಿ ಎಂಟು ವಾಲ್ವ್, ಪುಷ್‌ರಾಡ್, ರಾಕರ್. ಗಾಳಿ ಒಳಗೆ ಹೋಗುವ ದಾರಿಯೂ ಹೊಗೆ ಹೊರಗೆ ಬರುವ ದಾರಿಯೂ ಹೆಡ್ಡಿನ ಒಂದೇ ಮಗ್ಗುಲಿನಲ್ಲಿವೆ. ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟ್ ಎರಡೇ, ಎಕ್ಸಾಸ್ಟ್ ಪೋರ್ಟ್ ಮೂರೇ. ಮಧ್ಯದ ಎಕ್ಸಾಸ್ಟ್ ಪೋರ್ಟನ್ನು ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳು ಹಂಚಿಕೊಂಡಿವೆ. ಎರಡು ಒಲೆಯ ಹೊಗೆ ಒಂದೇ ಗೂಡಿಗೆ ಬಿಟ್ಟಂತೆ ಆ ನಡುಭಾಗ ಉಳಿದೆಲ್ಲ ಕಡೆಗಿಂತ ಹೆಚ್ಚು ಕಾಯುತ್ತದೆ. ಹೆಡ್ಡಿನ ಬಿರುಕಿನ ಕಥೆ ಶುರುವಾಗುವುದು ಹೆಚ್ಚಾಗಿ ಅಲ್ಲಿಯೇ, ಅಕ್ಕಪಕ್ಕದ ಸೀಟುಗಳ ನಡುವೆ ಉಳಿದಿರುವ ಕಿರಿದಾದ ಲೋಹದ ಸೇತುವೆಯಲ್ಲಿ.

ಸೀಟು ಯಾಕೆ ಸವೆಯುತ್ತದೆ ಎಂಬುದಕ್ಕೆ ಪೆಟ್ರೋಲಿನ ಚರಿತ್ರೆ ಗೊತ್ತಿರಬೇಕು. ಈ ಎಂಜಿನ್ ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಎಂಜಿನ್ ಕುಟ್ಟದಿರಲಿ ಎಂಬುದು ಅದರ ಉದ್ದೇಶ. ಆದರೆ ಕೇಳದೆಯೇ ಸಿಕ್ಕ ಇನ್ನೊಂದು ಉಪಕಾರವಿತ್ತು: ಉರಿದ ಸೀಸದ ಲವಣಗಳು ಎಕ್ಸಾಸ್ಟ್ ವಾಲ್ವಿನ ಸೀಟಿನ ಮೇಲೆ ತೆಳುವಾದ ಪದರವಾಗಿ ಕೂತು, ಕೆಂಪಗೆ ಕಾದ ವಾಲ್ವಿಗೂ ಮೆತ್ತನೆಯ ಕಬ್ಬಿಣದ ಸೀಟಿಗೂ ನಡುವೆ ಮರೆಯಾಗಿರುತ್ತಿದ್ದವು. ಆ ಪದರವಿಲ್ಲದಿದ್ದರೆ ಕಾದ ವಾಲ್ವು ಸೀಟಿಗೆ ಕಣಕಣವಾಗಿ ಅಂಟಿಕೊಂಡು, ಮೇಲೇಳುವಾಗ ಲೋಹದ ಚೂರುಗಳನ್ನು ಕಿತ್ತುಕೊಂಡು ಏಳುತ್ತದೆ. ಆ ಚೂರುಗಳೇ ಮರಳು ಕಾಗದದ ಹಾಗೆ ಮತ್ತೆ ಸೀಟನ್ನು ಉಜ್ಜುತ್ತವೆ. ಸೀಟು ತಗ್ಗುತ್ತಾ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ. ಸೀಸ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ವಿಷ ಎಂಬ ಕಾರಣಕ್ಕೆ ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಪೆಟ್ರೋಲು ಪೂರ್ತಿ ಸೀಸರಹಿತವಾಯಿತು. ಬ್ರಿಟನ್ನಿನಲ್ಲಿ ಅದಕ್ಕೆ ಒಂದು ತಿಂಗಳು ಮೊದಲೇ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತ್ತು. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ಅದನ್ನು ಕೈಬಿಟ್ಟದ್ದು 2021ರಲ್ಲಿ. ಒಳ್ಳೆಯದೇ ಆಯಿತು. ಆದರೆ ಗಟ್ಟಿ ಸೀಟು ಹಾಕಿಸದೆ ಉಳಿದ ಹಳೆಯ ಕಬ್ಬಿಣದ ಹೆಡ್ಡುಗಳು ಅಂದಿನಿಂದ ಮರೆಯಿಲ್ಲದೆ ಓಡುತ್ತಿವೆ.

ಇಲ್ಲಿ ತಿಳಿದವರೂ ಎಡವುವ ಒಂದು ವಿಷಯವಿದೆ. ಟ್ಯಾಪೆಟ್ ಟಿಕಟಿಕ ಎನ್ನುತ್ತಿದ್ದರೆ ಎಲ್ಲರಿಗೂ ಆತಂಕ, ಸದ್ದು ನಿಂತರೆ ಸಮಾಧಾನ. ಸೀಟಿನ ಸವೆತದಲ್ಲಿ ಲೆಕ್ಕ ತಿರುವುಮುರುವು. ವಾಲ್ವ್ ಒಳಕ್ಕೆ ಇಳಿದಂತೆ ಅದರ ತುದಿ ಮೇಲಕ್ಕೆ ಬಂದು ರಾಕರಿಗೆ ಹತ್ತಿರವಾಗುತ್ತದೆ, ನಡುವಿನ ಸಂದು ಕಿರಿದಾಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಒಂದು ದಿನ ಸಂದು ಪೂರ್ತಿ ಮುಚ್ಚಿಹೋದರೆ ವಾಲ್ವ್ ಸೀಟಿಗೆ ಕೂರುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಬಿಟ್ಟುಕೊಡುವುದು ಸೀಟಿನ ಮೂಲಕ. ಆ ದಾರಿ ಮುಚ್ಚಿದರೆ ಅಂಚು ಸುಟ್ಟು ಕಚ್ಚು ಬೀಳುತ್ತದೆ. ಹಾಗಾಗಿ ಹೆಡ್ ಇಳಿಸುವ ಮಾತಿಗೂ ಮುಂಚೆ ಮಾಡಬೇಕಾದ ಅತಿ ಅಗ್ಗದ ಪರೀಕ್ಷೆ ಎಂದರೆ ಟ್ಯಾಪೆಟ್ ಸಂದಿನ ದಾಖಲೆ. ತಣ್ಣಗಿನ ಎಂಜಿನ್ನಿನಲ್ಲಿ 15 ಥೌ, ಅಂದರೆ 0.38 ಮಿ.ಮೀ., ಇಟ್ಟು ತಾರೀಖು ಮತ್ತು ಮೀಟರ್ ಓದು ಬರೆದಿಡಿ. ಸಾವಿರ ಕಿಲೋಮೀಟರಿನ ನಂತರ ಫೀಲರ್ ಗೇಜ್ ಮತ್ತೆ ಹಾಕಿ ನೋಡಿ. ಇನ್‌ಲೆಟ್ ವಾಲ್ವುಗಳು ಇಟ್ಟಲ್ಲೇ ಇದ್ದು ಎಕ್ಸಾಸ್ಟ್ ವಾಲ್ವುಗಳ ಸಂದು ಮಾತ್ರ ಪ್ರತಿ ಸಲವೂ ಕುಗ್ಗುತ್ತಿದ್ದರೆ ಸೀಟು ಸವೆಯುತ್ತಿದೆ. ಕುಗ್ಗದಿದ್ದರೆ ಸವೆಯುತ್ತಿಲ್ಲ. ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಬೇಕಿಲ್ಲ. ಯಾವ ವಾಲ್ವ್ ಯಾವಾಗ ಅಳೆಯಬೇಕು ಎಂಬುದಕ್ಕೆ ಮೇಸ್ತ್ರಿಗಳ 'ಒಂಬತ್ತರ ಲೆಕ್ಕ' ಇದೆ: ಒಂದನೆಯ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದು, ಮೂರನೆಯದು ತೆರೆದಾಗ ಆರನೆಯದು, ಹೀಗೆ ಎರಡೂ ಕೂಡಿ ಒಂಬತ್ತಾಗಬೇಕು.

ಮುಂದಿನದು ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದಿರಬೇಕು. ಅಂಕಿ ಎಷ್ಟು ಬಂತು ಎಂಬುದಕ್ಕಿಂತ ನಾಲ್ಕು ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಎಂಬುದು ಮುಖ್ಯ. ಶೇಕಡಾ 10ರ ಒಳಗಿನ ವ್ಯತ್ಯಾಸ ಹಳೆಯ ಎಂಜಿನ್ನಿಗೆ ಸಹಜ, ಅದನ್ನು ಮೀರಿದರೆ ವಿಚಾರಿಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ದೋಷ ಕೆಳಗಿನ ರಿಂಗುಗಳದ್ದು, ಏರದಿದ್ದರೆ ಮೇಲಿನ ವಾಲ್ವುಗಳದ್ದು ಅಥವಾ ಗ್ಯಾಸ್ಕೆಟಿನದ್ದು. ಇದಕ್ಕಿಂತ ಸೂಕ್ಷ್ಮವಾದದ್ದು ಗಾಳಿ ಸೋರಿಕೆಯ ಪರೀಕ್ಷೆ. ಪಿಸ್ಟನ್ ಮೇಲಿನ ತುದಿಯಲ್ಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು, ಎಲ್ಲಿ ಬುಸ್ ಎನ್ನುತ್ತದೆ ಎಂದು ಕಿವಿಗೊಟ್ಟು ಕೇಳುವುದು. ಕಾರ್ಬ್ಯುರೇಟರಿನ ಬಾಯಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್, ಪಕ್ಕದ ಪ್ಲಗ್ ತೂತಿನಲ್ಲಿ ಕೇಳಿದರೆ ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಒಡೆದಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಹೊಗೆಯೂ ಒಂದಿಷ್ಟು ಹೇಳುತ್ತದೆ, ಆದರೆ ಪೂರಕವಾಗಿ ಮಾತ್ರ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಕೆಳಗೆ ಮತ್ತೆ ತುಳಿದಾಗ ನೀಲಿ ಹೊಗೆ ಬುಸ್ಸೆಂದರೆ ಅನುಮಾನ ಗೈಡಿನ ಮೇಲೆ. ಎಳೆತದಲ್ಲಿ ಎಡೆಬಿಡದೆ ಬಂದರೆ ರಿಂಗಿನ ಮೇಲೆ. ರಿಂಗಿನ ದೋಷಕ್ಕೆ ಹೆಡ್ ಬದಲಾಯಿಸುವುದು ಹೊಟ್ಟೆನೋವಿಗೆ ಕನ್ನಡಕ ಬದಲಾಯಿಸಿದ ಹಾಗೆ.

ಹೆಡ್ ಇಳಿಸಲೇಬೇಕು ಎಂದು ಪರೀಕ್ಷೆ ಹೇಳಿದರೆ, ಇಳಿಸುವಾಗಲೇ ಒಳ್ಳೆಯ ಹೆಡ್ಡನ್ನು ಕೆಡಿಸುವ ಅವಕಾಶಗಳಿವೆ. ಬಿ ಸೀರೀಸ್ ಹೆಡ್ಡಿಗೆ ಹನ್ನೊಂದು ನಟ್. ಅವುಗಳಲ್ಲಿ ನಾಲ್ಕು ರಾಕರ್ ಶಾಫ್ಟಿನ ಕಂಬಗಳನ್ನೂ ಹಿಡಿದುಕೊಂಡಿವೆ. ರಾಕರ್ ಮಾತ್ರ ಬಿಚ್ಚುತ್ತೇನೆಂದು ಆ ನಾಲ್ಕನ್ನು ಸಡಿಲಿಸಿದರೆ ಹೆಡ್ಡಿನ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲವಾಗಿ ಎರಕ ಸೊಟ್ಟಗಾಗುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ. ಅದಕ್ಕೇ ರಾಕರ್ ಮುಟ್ಟುವ ಮೊದಲೇ ನೀರು ಖಾಲಿಮಾಡಿ, ಹನ್ನೊಂದನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು ಎಂದು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಪುಷ್‌ರಾಡ್ ಎಳೆಯುವಾಗ ಮೊದಲು ಬೆರಳಲ್ಲಿ ಹೊರಳಿಸಿ; ಎಣ್ಣೆಯ ಅಂಟಿನಿಂದ ಕೆಳಗಿನ ಟ್ಯಾಪೆಟ್ ಅದರ ಜೊತೆಗೇ ಮೇಲೆದ್ದು ಬಂದು ಅಡ್ಡ ಬಿದ್ದರೆ ಇಲ್ಲದ ಕೆಲಸ. ರಟ್ಟಿನ ತುಂಡಿಗೆ ಎಂಟು ತೂತು ಮಾಡಿ, ಸಂಖ್ಯೆ ಬರೆದು, ಪುಷ್‌ರಾಡುಗಳನ್ನು ಕ್ರಮವಾಗಿ ಚುಚ್ಚಿಡಿ. ಪ್ರತಿಯೊಂದೂ ತನ್ನ ಜೊತೆಗಾರನೊಂದಿಗೆ ಸವೆದು ಹೊಂದಿಕೊಂಡಿರುತ್ತದೆ, ಜೋಡಿ ತಪ್ಪಿಸಬಾರದು. ಹೆಡ್ ಬ್ಲಾಕಿಗೆ ಕಚ್ಚಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುವುದು ಮಹಾಪರಾಧ; ಅಲ್ಲಿ ಬಿದ್ದ ಒಂದು ಗೀರು ಮುಂದಿನ ಗ್ಯಾಸ್ಕೆಟನ್ನು ಸುಡುತ್ತದೆ. ಪ್ಲಗ್ಗುಗಳನ್ನು ಬಿಚ್ಚದೆ ಹಾಗೆಯೇ ಬಿಟ್ಟು ಎಂಜಿನ್ನನ್ನು ಒಂದೆರಡು ಸುತ್ತು ತಿರುಗಿಸಿದರೆ ಒಳಗಿನ ಒತ್ತಡವೇ ಅದನ್ನು ಎಬ್ಬಿಸಿಕೊಡುತ್ತದೆ. ಎತ್ತಲು ಎರಡು ಜನ ಬೇಕು, ಕಬ್ಬಿಣ ಕಬ್ಬಿಣವೇ.

ಈಗ ಅಳತೆಯ ಎರಡನೆಯ ಸುತ್ತು, ಮಷೀನ್ ಶಾಪಿನಲ್ಲಿ. ಅಲ್ಲಿಗೆ ಹೆಡ್ ಕೊಡುವಾಗ "ಒಂದ್ಸಲ ನೋಡಿ ಸರಿಮಾಡಿ" ಎಂದು ಬಂದುಬಿಡಬೇಡಿ, ಕೆಲಸದ ಕ್ರಮವನ್ನು ನೀವೇ ಹೇಳಿ. ಮೊದಲು ಬಿರುಕು ಹುಡುಕಬೇಕು, ಉಳಿದದ್ದೆಲ್ಲ ಆಮೇಲೆ. ಬಿರುಕು ಬಿಟ್ಟ ಹೆಡ್ಡಿಗೆ ಹೊಸ ಗೈಡ್ ಹೊಡೆಸಿದ ಮೇಲೆ ಅದು ಗೊತ್ತಾದರೆ ಖರ್ಚು ನೀರಿನಲ್ಲಿ ಹೋಮ. ಎರಕ ಕಬ್ಬಿಣಕ್ಕೆ ಅಯಸ್ಕಾಂತದ ಪುಡಿಯ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಲೋಹಕ್ಕೆ ಕಾಂತಶಕ್ತಿ ಹರಿಸಿ ನುಣ್ಣನೆಯ ಕಬ್ಬಿಣದ ಪುಡಿ ಉದುರಿಸಿದರೆ ಕಣ್ಣಿಗೆ ಕಾಣದ ಬಿರುಕಿನ ಉದ್ದಕ್ಕೂ ಪುಡಿ ಗೆರೆಯಾಗಿ ನಿಲ್ಲುತ್ತದೆ, ರಂಗೋಲಿ ಎಳೆದ ಹಾಗೆ. ಇದು ಸಿಗದ ಊರಿನಲ್ಲಿ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸುವ ಪರೀಕ್ಷೆಯಾದರೂ ಆಗಬೇಕು. ಬಿಸಿನೀರೇ ಯಾಕೆಂದರೆ ತಣ್ಣಗಿರುವಾಗ ಮುಚ್ಚಿಕೊಂಡು, ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಬಿರುಕುಗಳಿವೆ. ನೋಡಬೇಕಾದ ಜಾಗ ಎರಡು ಮತ್ತು ಮೂರನೆಯ ಸಿಲಿಂಡರಿನ ಸೀಟುಗಳ ನಡುವಿನ ಸೇತುವೆ. 1970ರ ದಶಕದ 18ವಿ ಎಂಜಿನ್ನುಗಳಲ್ಲಿ ಇನ್‌ಲೆಟ್ ವಾಲ್ವಿನ ಅಗಲವನ್ನು 39.7 ಮಿ.ಮೀ.ನಿಂದ 41.3ಕ್ಕೆ ಏರಿಸಿದ ಹೆಡ್ಡುಗಳಿವೆ. ವಾಲ್ವ್ ಅಗಲವಾದಷ್ಟೂ ಸೇತುವೆ ಕಿರಿದು, ಅಂಥವುಗಳಲ್ಲಿ ಇನ್ನೂ ಹೆಚ್ಚು ಕಣ್ಣಿಟ್ಟು ನೋಡಬೇಕು. ಸೀಟಿನಿಂದ ಸೀಟಿಗೆ ಹಾಯ್ದ ಬಿರುಕು ಸಿಕ್ಕಿತೋ, ಚರ್ಚೆ ಮುಗಿಯಿತು. ವೆಲ್ಡ್ ಮಾಡಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಎರಕ ಕಬ್ಬಿಣವನ್ನು ಸರಿಯಾಗಿ ಕಾಯಿಸಿ, ಬೆಸೆದು, ನಿಧಾನವಾಗಿ ತಣಿಸುವ ಕಸುಬು ಬಲ್ಲವರು ಬಹಳ ವಿರಳ. ಬೇರೆ ಹೆಡ್ ಸಿಗುವ ಕಾರಿಗೆ ಆ ಸಾಹಸ ಬೇಡ.

ಬಿರುಕಿಲ್ಲವೆಂದಾದರೆ ಗೈಡು. ವಾಲ್ವನ್ನು ಸ್ವಲ್ಪ ಎತ್ತಿ ಹಿಡಿದು ಆಚೀಚೆ ಅಲ್ಲಾಡಿಸಿದರೆ ಸವೆತ ಕೈಗೇ ತಿಳಿಯುತ್ತದೆ, ಆದರೂ ಡಯಲ್ ಗೇಜಿನಲ್ಲಿ ನೋಡುವುದು ಸರಿ. ಕಡ್ಡಿಗೂ ಗೈಡಿಗೂ ನಡುವೆ ಇರಬೇಕಾದದ್ದು ಸುಮಾರು 0.04ರಿಂದ 0.08 ಮಿ.ಮೀ., ಕೂದಲೆಳೆಯಷ್ಟು. ಈ ಹೆಡ್ಡಿನಲ್ಲಿ ಗೈಡು ಒತ್ತಿ ಕೂರಿಸಿದ ಬಿಡಿಭಾಗ, ಹಳೆಯದನ್ನು ಒತ್ತಿ ತೆಗೆದು ಹೊಸದು ಹಾಕಬಹುದು. ಸೀಟು ಕಡಿಯುವುದು ಗೈಡ್ ಹಾಕಿದ ಮೇಲೆಯೇ ಆಗಬೇಕು, ಏಕೆಂದರೆ ಸೀಟು ಕಡಿಯುವ ಆಯುಧ ಗೈಡಿನ ತೂತನ್ನೇ ನಡುಗಂಬವಾಗಿ ಹಿಡಿದು ತಿರುಗುತ್ತದೆ. ಸವೆದ ಗೈಡಿಟ್ಟುಕೊಂಡು ಸೀಟು ಕಡಿದರೆ ಸೀಟು ಎಂದೂ ವಾಲ್ವಿನ ನೇರಕ್ಕೆ ಬರುವುದಿಲ್ಲ. ಎಕ್ಸಾಸ್ಟ್ ಸೀಟು ತಗ್ಗಿಹೋಗಿದ್ದರೆ ಆ ಜಾಗವನ್ನು ಕೊರೆದು ಗಟ್ಟಿ ಲೋಹದ ಉಂಗುರ ಒತ್ತಿ ಕೂರಿಸುತ್ತಾರೆ. ಆಮೇಲೆ ಸೀಸವಿರಲಿ ಬಿಡಲಿ, ಹೆಡ್ಡಿಗೆ ಯೋಚನೆಯಿಲ್ಲ. ಸೀಟಿನ ಸ್ಪರ್ಶಪಟ್ಟಿ ಸುಮಾರು ಒಂದೂವರೆ ಮಿ.ಮೀ. ಇದ್ದರೆ ಸಾಕು: ತೀರ ಸಣ್ಣದಾದರೆ ಬಿಸಿ ಇಳಿಯುವುದಿಲ್ಲ, ತೀರ ಅಗಲವಾದರೆ ಇದ್ದಿಲು ಹಿಡಿದು ಸೋರುತ್ತದೆ.

ಇನ್ನು ಹೆರೆಯುವ ವಿಷಯ. ಹೆಡ್ಡಿನ ತಳದ ಮೇಲೆ ನೇರಪಟ್ಟಿ ಇಟ್ಟು, ಉದ್ದಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಹಾಕಿ ನೋಡಿದಾಗ 0.05 ಮಿ.ಮೀ. ಆಚೀಚೆ ಇದ್ದರೆ ಹಾಗೆಯೇ ಬಿಡಬಹುದು. ಆದರೆ ಕೆಲವು ಅಂಗಡಿಗಳಲ್ಲಿ ಹೆಡ್ ಬಂದರೆ ಹೆರೆದೇ ಕಳಿಸುವ ರೂಢಿ. ತಳ ಫಳಫಳ ಹೊಳೆದರೆ ಗಿರಾಕಿಗೆ ಕೆಲಸವಾಗಿದೆ ಎಂಬ ತೃಪ್ತಿ. ಆ ಹೊಳಪಿನ ಬೆಲೆಯನ್ನು ಲೆಕ್ಕ ಹಾಕಿ ನೋಡಿ. 1,798 ಸಿಸಿಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ 449.5 ಸಿಸಿ. ಕಂಪ್ರೆಷನ್ 8.8ಕ್ಕೆ 1 ಎಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 57.6 ಸಿಸಿ. ಹೆರೆದು ಅದರಲ್ಲಿ ಮೂರೇ ಸಿಸಿ ಕಡಿಮೆಯಾದರೂ ಅನುಪಾತ 9.2 ದಾಟುತ್ತದೆ. ಈ ಹಿಂದೆ ಇನ್ನೊಬ್ಬರು, ಅವರಿಗಿಂತ ಹಿಂದೆ ಮತ್ತೊಬ್ಬರು ಹೆರೆಸಿದ್ದರೆ ಈಗಿನ ಅನುಪಾತ ಕೈಪಿಡಿಯಲ್ಲಿರುವುದಲ್ಲ. ಅದಕ್ಕೆ ದಹನಕೋಣೆಯ ಮೇಲೆ ಅಕ್ರಿಲಿಕ್ ಹಾಳೆ ಇಟ್ಟು, ಗ್ರೀಸಿನಿಂದ ಮುಚ್ಚಿ, ಬ್ಯೂರೆಟ್ಟಿನಿಂದ ಎಣ್ಣೆ ಬಿಟ್ಟು ನಾಲ್ಕೂ ಕೋಣೆಗಳು ಎಷ್ಟೆಷ್ಟು ಸಿಸಿ ಹಿಡಿಯುತ್ತವೆ ಎಂದು ನೋಡಬೇಕು. ಪ್ರೌಢಶಾಲೆಯ ಪ್ರಯೋಗಾಲಯದ ಬ್ಯೂರೆಟ್ಟು ಸಾಕು, ದೊಡ್ಡ ಯಂತ್ರವೇನೂ ಬೇಡ. ಹೆರೆದಷ್ಟೂ ಹೆಡ್ ಕೆಳಗಿಳಿದು, ಇದ್ದ ಪುಷ್‌ರಾಡ್ ಉದ್ದವಾದಂತಾಗಿ ರಾಕರಿನ ಕೋನ ಕೆಡುತ್ತದೆ. ರಾಕರ್ ಕಂಬದಡಿ ತೆಳು ತಗಡು ಕೊಟ್ಟು ಅದನ್ನು ಸರಿಪಡಿಸಬೇಕಾಗುತ್ತದೆ. ಕೋಣೆ ಮಿತಿ ಮೀರಿ ಕಿರಿದಾದ ಹೆಡ್ ಬಿರುಕಿಲ್ಲದಿದ್ದರೂ ಮುಗಿದ ಹೆಡ್ಡೇ.

ಇದಕ್ಕೆ ಬರುವ ಮೊದಲ ಆಕ್ಷೇಪ ದುಡ್ಡಿನದು. ಗೈಡು, ಸೀಟು, ವಾಲ್ವು, ಮಷೀನ್ ಕೂಲಿ ಎಲ್ಲ ಕೂಡಿದರೆ ಮೂಗಿಗಿಂತ ಮೂಗುತಿ ಭಾರವಾಗುವುದಿಲ್ಲವೇ, ರೆಡಿ ಹೆಡ್ ತರಿಸಿದರೆ ಆಗದೇ? ಕೂಲಿ ದುಬಾರಿಯಾದ ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಮಾತಿನಲ್ಲಿ ಹುರುಳಿದೆ. ಅಲ್ಲಿ ಹಳೆಯ ಹೆಡ್ ಕೊಟ್ಟು ಹೊಸದುಮಾಡಿದ್ದನ್ನು ಒಯ್ಯುವ ವ್ಯವಸ್ಥೆಯೂ ಇದೆ. ನಮ್ಮಲ್ಲಿ ಸಮುದ್ರ ದಾಟಿ ಬರುವ ಕಬ್ಬಿಣಕ್ಕೆ ಸಾಗಣೆ ಮತ್ತು ಸುಂಕ ಕಟ್ಟಬೇಕು, ಮಷೀನ್ ಶಾಪಿನ ಕೂಲಿ ಅಲ್ಲಿಗಿಂತ ಬಹಳ ಕಡಿಮೆ. ತಕ್ಕಡಿ ಬೇರೆ ಕಡೆ ವಾಲುತ್ತದೆ. ಅದಕ್ಕಿಂತ ಮುಖ್ಯ, 'ಹೊಸದುಮಾಡಿದ' ಹೆಡ್ ಎಂದರೆ ಇನ್ನೊಬ್ಬರ ಹಳೆಯ ಹೆಡ್ ಎಂದೇ ಅರ್ಥ. ಅದರ ಬಿರುಕು ಪರೀಕ್ಷೆ ಆಗಿದೆಯೇ, ಎಷ್ಟು ಸಲ ಹೆರೆದಿದ್ದಾರೆ, ಕೋಣೆ ಎಷ್ಟು ಸಿಸಿ ಎಂಬ ಪ್ರಶ್ನೆಗಳು ಅದಕ್ಕೂ ಇವೆ. ನಿಮ್ಮ ಹೆಡ್ಡಿಗೆ ಉತ್ತರ ನಿಮ್ಮ ಬಳಿ ಇದೆ, ಅದಕ್ಕಿಲ್ಲ. ತರಿಸಲೇಬೇಕಾದರೆ ರಾಕರ್ ಕವರ್ ಅಡಿಯ ಎರಕದ ಸಂಖ್ಯೆಯನ್ನು, ಅಂದರೆ 12ಎಚ್ 906, 12ಎಚ್ 2389, 12ಎಚ್ 4736 ಇಂಥವನ್ನು, ಕೇಳಿ ತಿಳಿದುಕೊಂಡು ನಿಮ್ಮದರೊಂದಿಗೆ ಹೋಲಿಸಿ. ಹೊರಗಿನಿಂದ ಒಂದೇ ರೀತಿ ಕಂಡರೂ ವಾಲ್ವಿನ ಅಗಲ, ಕೋಣೆಯ ಗಾತ್ರ ಬೇರೆ ಬೇರೆ.

ಎರಡನೆಯ ಆಕ್ಷೇಪ ಅಲ್ಯೂಮಿನಿಯಂ ಪಕ್ಷದವರದು. ಹಗುರ, ಬಿಸಿಯನ್ನು ಕಬ್ಬಿಣಕ್ಕಿಂತ ಬೇಗ ಸಾಗಿಸುತ್ತದೆ, ಗಟ್ಟಿ ಸೀಟು ಹುಟ್ಟಿನಿಂದಲೇ ಇದೆ, ಹಾಗಾಗಿ ಬದಲಾಯಿಸುವುದಾದರೆ ಅದನ್ನೇ ಹಾಕಬೇಕು ಎಂಬುದು ಅವರ ವಾದ. ಮೂರೂ ಮಾತು ನಿಜ. ಆದರೆ ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡರಷ್ಟು. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಪ್ರತಿ ಸಲ ಕಾದಾಗ, ಆರಿದಾಗ ಗ್ಯಾಸ್ಕೆಟನ್ನು ಉಜ್ಜುತ್ತದೆ; ನೀರಿನಲ್ಲಿ ಎರಡು ಲೋಹ ಸೇರಿದ್ದರಿಂದ ತುಕ್ಕು ತಡೆಯುವ ಕೂಲೆಂಟ್ ತಪ್ಪಿದರೆ ಲೋಹ ಕರಗುತ್ತದೆ. ಟ್ರಯಂಫ್ ಸ್ಟ್ಯಾಗ್ ಇದಕ್ಕೆ ಕಣ್ಣೆದುರಿನ ಉದಾಹರಣೆ. 1970ರಿಂದ 1977ರವರೆಗೆ ಬಂದ ಆ ಕಾರಿನ ಮೂರು ಲೀಟರಿನ ವಿ-8 ಎಂಜಿನ್ನಿನಲ್ಲಿ ಕಬ್ಬಿಣದ ಬ್ಲಾಕಿನ ಮೇಲೆ ಎರಡು ಅಲ್ಯೂಮಿನಿಯಂ ಹೆಡ್ಡುಗಳಿದ್ದವು. ಕಾದು ಸೊಟ್ಟಗಾಗುವುದಕ್ಕೆ, ಓರೆಯಾಗಿ ನಿಂತ ಸ್ಟಡ್ಡುಗಳು ತುಕ್ಕಿನಿಂದ ಕಚ್ಚಿಕೊಂಡು ಹೆಡ್ ಮೇಲೇಳದಿರುವುದಕ್ಕೆ ಅದು ಕುಖ್ಯಾತವಾಯಿತು. ಅಲ್ಲಿ ತಪ್ಪು ಲೋಹದ್ದಷ್ಟೇ ಅಲ್ಲ, ನೀರು ಸುತ್ತುವ ವ್ಯವಸ್ಥೆಯದ್ದೂ ಹೌದು. ಆದರೂ ಅಲ್ಯೂಮಿನಿಯಂ ಎಂದ ಮಾತ್ರಕ್ಕೆ ಉತ್ತಮ ಎಂಬ ನಂಬಿಕೆಗೆ ಅದು ಸಾಕಷ್ಟು ಉತ್ತರ. ರೇಸಿಗೆ ಹೋಗುವವರು ಖಂಡಿತ ಹಾಕಲಿ. ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿ ಬರುವ ಕಾರಿಗೆ ಅದು ಕೊಡುವ ಲಾಭಕ್ಕಿಂತ ಬೇಡುವ ಆರೈಕೆ ಹೆಚ್ಚು.

ಮೂರನೆಯದು ಸ್ವಲ್ಪ ಗಟ್ಟಿಯಾದ ಆಕ್ಷೇಪ. ಸೀಸ ಹೋಗಿ ಕಾಲು ಶತಮಾನ ದಾಟಿತು, ಅಳೆಯುತ್ತ ಕೂರುವ ಬದಲು ಎಲ್ಲರೂ ಈಗಲೇ ಹೆಡ್ ಇಳಿಸಿ ಗಟ್ಟಿ ಸೀಟು ಹಾಕಿಸಿಕೊಳ್ಳಬಾರದೇಕೆ? ಯಾಕೆಂದರೆ ಸೀಟಿನ ಸವೆತ ಎಂಜಿನ್ ಎಷ್ಟು ಹೊತ್ತು, ಎಷ್ಟು ಜೋರಾಗಿ ಓಡುತ್ತದೆ ಎಂಬುದನ್ನು ಅವಲಂಬಿಸಿದೆ. ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಎಳೆಯುವ ಕಾರಿನಲ್ಲಿ ಅದು ಬೇಗ, ವರ್ಷಕ್ಕೆ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡುವ ಕಾರಿನಲ್ಲಿ ಬಹಳ ನಿಧಾನ. ಜೊತೆಗೆ ಉಂಗುರ ಕೂರಿಸಲು ಒಳ್ಳೆಯ ಎರಕವನ್ನು ಕೊರೆಯಬೇಕು. ಮೊದಲೇ ಕಿರಿದಾದ ಸೇತುವೆ ಮತ್ತೂ ಕಿರಿದಾಗುತ್ತದೆ, ಸರಿಯಾಗಿ ಒತ್ತದ ಉಂಗುರ ಕಳಚಿ ಬಿದ್ದರೆ ಪಿಸ್ಟನ್ನಿಗೇ ಸಂಚಕಾರ. ಆದ್ದರಿಂದ ಟ್ಯಾಪೆಟ್ ಸಂದು ಕುಗ್ಗದಿರುವವರೆಗೆ ಹೆಡ್ಡನ್ನು ಅದರ ಪಾಡಿಗೆ ಬಿಡಿ, ಬೇರೆ ಕಾರಣಕ್ಕೆ ಹೇಗೂ ಇಳಿಸಿದರೆ ಆಗ ಎಕ್ಸಾಸ್ಟ್ ಸೀಟುಗಳನ್ನು ಹಾಕಿಸಿ. ನಮ್ಮ ಊರುಗಳ ಮಟ್ಟಿಗೆ ಸೀಟಿಗಿಂತ ದೊಡ್ಡ ಶತ್ರು ಟ್ರಾಫಿಕ್ಕಿನಲ್ಲಿ ನಿಂತು ಕಾಯುವುದು. ಹೆಡ್ ಬಿರುಕು ಬಿಡುವುದು ಕಾದಾಗ, ಕಾದ ಮೇಲೆ ಗಾಬರಿಯಲ್ಲಿ ತಣ್ಣೀರು ಹೊಯ್ದಾಗ. ರೇಡಿಯೇಟರಿಗೆ ಮಾಡಿದ ಖರ್ಚು ಹೆಡ್ಡಿಗೆ ಮಾಡಿದ ಖರ್ಚೇ.

ಇಂಧನದಲ್ಲಿ ಬಂದ ಹೊಸ ಬದಲಾವಣೆಯೂ ಇದಕ್ಕೆ ತಳುಕು ಹಾಕಿಕೊಂಡಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಿಗುವುದು ಅದೇ. ಎಥನಾಲ್ ನೇರವಾಗಿ ಹೆಡ್ಡನ್ನು ತಿನ್ನುವುದಿಲ್ಲ. ಆದರೆ ಅದರೊಳಗೇ ಆಮ್ಲಜನಕ ಇರುವುದರಿಂದ ಎಂಜಿಬಿಯ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳು ಹಳೆಯ ಲೆಕ್ಕದಲ್ಲಿ ಕೊಡುವ ಇಂಧನ ಕಡಿಮೆ ಬೀಳುತ್ತದೆ. ಕಡಿಮೆ ಇಂಧನದಲ್ಲಿ ಉರಿದರೆ ಎಕ್ಸಾಸ್ಟ್ ವಾಲ್ವು ಹೆಚ್ಚು ಕಾಯಬಹುದು. ಸೂಜಿ ಬದಲಾಯಿಸಿಯೋ ಜೆಟ್ ಇಳಿಸಿಯೋ ಮಿಶ್ರಣ ಸರಿಮಾಡಿಕೊಳ್ಳದೆ ಹೊಸ ಹೆಡ್ ಹಾಕಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಹೆಡ್ ಸರಿಮಾಡಿದ ಮೇಲೆ ಕೆಳಗಿನ ಎಂಜಿನ್ ಎಣ್ಣೆ ಕುಡಿಯತೊಡಗಿತು ಎಂಬ ದೂರು ಕೇಳಿಬರುತ್ತದೆ. ಅದರಲ್ಲೂ ಆಶ್ಚರ್ಯವಿಲ್ಲ: ವಾಲ್ವುಗಳು ಬಿಗಿಯಾಗಿ ಮುಚ್ಚಿದಾಗ ಒಳಗಿನ ಒತ್ತಡವೂ ಎಳೆತವೂ ಹೆಚ್ಚುತ್ತವೆ, ಅಲ್ಲಿಯವರೆಗೆ ಹೇಗೋ ಕಾಲ ತಳ್ಳುತ್ತಿದ್ದ ರಿಂಗುಗಳ ಬಂಡವಾಳ ಬಯಲಾಗುತ್ತದೆ. ಗಾಳಿ ಸೋರಿಕೆಯ ಪರೀಕ್ಷೆ ಮಾಡಿದ್ದವರಿಗೆ ಇದು ಮೊದಲೇ ಗೊತ್ತಿರುತ್ತಿತ್ತು.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈಪಿಡಿ ಇದೆ. ಎರಡೂ ಮೈ ಒಣಗಿ ಚೊಕ್ಕವಾಗಿರಲಿ, ಸ್ಟಡ್ಡಿನ ತೂತುಗಳಲ್ಲಿ ಎಣ್ಣೆ ನೀರು ನಿಲ್ಲದಿರಲಿ, ಗ್ಯಾಸ್ಕೆಟಿನ ಮುಂದು ಯಾವುದು, ಮೇಲು ಯಾವುದು ಎಂದು ಅದರ ಮೇಲೆಯೇ ಅಚ್ಚಾಗಿರುವುದನ್ನು ಓದಿ ಇಡಿ. ತಿರುವಿ ಇಟ್ಟರೆ ರಾಕರಿಗೆ ಎಣ್ಣೆ ಹೋಗುವ ತೂತು ಮುಚ್ಚಿಹೋಗುವ ಅಪಾಯವಿದೆ. ನಡುವಿನಿಂದ ಹೊರಕ್ಕೆ ಸರದಿಯಂತೆ ಮೂರು ಹಂತದಲ್ಲಿ ಬಿಗಿದು, ಹನ್ನೊಂದು ನಟ್ಟುಗಳನ್ನು 45ರಿಂದ 50 ಪೌಂಡ್-ಅಡಿಗೆ, ಅಂದರೆ 61ರಿಂದ 68 ನ್ಯೂಟನ್-ಮೀಟರಿಗೆ ತನ್ನಿ. ರಾಕರ್ ಕಂಬದ ನಾಲ್ಕು ಸಣ್ಣ ನಟ್ಟುಗಳಿಗೆ 25 ಪೌಂಡ್-ಅಡಿ ಸಾಕು. ಇಲ್ಲಿ ಟಾರ್ಕ್ ರೆಂಚ್ ಬಿಟ್ಟು ಕೈ ಅಂದಾಜನ್ನು ನಂಬಬೇಡಿ, ಎಷ್ಟೇ ಪಳಗಿದ ಕೈಯಾದರೂ ಸರಿಯೇ. ಒಂದೆರಡು ಸಲ ಕಾದು ಆರಿದ ಮೇಲೆ ಗ್ಯಾಸ್ಕೆಟ್ ತಯಾರಕರು ಹೇಳಿದ್ದರೆ ಮತ್ತೆ ಬಿಗಿದು, ಬಿಗಿದ ಮೇಲೆ ಟ್ಯಾಪೆಟ್ ಸಂದನ್ನು ಮತ್ತೆ ನೋಡಿ, ಅದು ಬದಲಾಗಿರುತ್ತದೆ.

ರಾಕರ್ ಕವರ್ ಮುಚ್ಚುವ ಮೊದಲು ಒಂದು ಚೀಟಿ ಬರೆಯಿರಿ: ಎರಕದ ಸಂಖ್ಯೆ, ನಾಲ್ಕು ಕೋಣೆಗಳ ಸಿಸಿ, ಎಷ್ಟು ಹೆರೆಸಿದಿರಿ, ಸೀಟು ಗೈಡು ಯಾವಾಗ ಹಾಕಿಸಿದಿರಿ, ಬಿರುಕು ಪರೀಕ್ಷೆ ಎಲ್ಲಿ ಆಯಿತು. ಅದನ್ನು ಕಾರಿನ ಆರ್‌ಸಿ ಜೊತೆಗೆ ಇಡಿ. ಇನ್ನು ಇಪ್ಪತ್ತು ವರ್ಷದ ಮೇಲೆ ಈ ಹೆಡ್ ಇಳಿಸುವವರು ನೀವಾಗಿರುವುದಿಲ್ಲ, ಅವರು ಮೊದಲು ಹುಡುಕುವುದು ಆ ಚೀಟಿಯನ್ನೇ.